ಲಂಡನ್ನಿನಲ್ಲೊಂದು ಆಷಾಢ

ಬಾಗ್ಲು ಸ್ವಲ್ಪ ಮುಂದಕ್ಕೆ ಎಳ್ಕೊಂಡು ಬಾ, ಇಲ್ಲಿ ಕೂತ್ಕೋ. ಮೊದ್ಲು ತಾಳಿ ಮುಟ್ಕೊಂಡು ಹೇಳು, ಯಾರ ಮುಂದೇನೂ ಬಾಯಿ ಬಿಡಲ್ಲ ಅಂತ. ನಿನ್ನ ಗಂಡನ ಮುಂದೇನೂ ಅಷ್ಟೇ. ಗಂಡಸ್ರ ಹೊಟ್ಟೇಲಿ ಮಾತು ನಿಲ್ಲಲ್ಲ ಕಣೇ. ನಂಗೆ ಈ ವಿಷ್ಯ ಗೊತ್ತಾಗಿದ್ದೇ ನಮ್ಮನೆಯೋರ ಬಾಯಿಂದ, ಅವ್ರೂ ಆಣೆ ಇಟ್ಟೇ ಕೇಳ್ಕೊಂಡು ಬಂದಿದ್ರು. ನೀನು ಈ ವಠಾರಕ್ಕೆ ಹೊಸಬ್ಳು, ನಿಂಗೆ ಗೊತ್ತಿಲ್ಲ. ತುಮಕೂರಲ್ಲಿ ಎಲ್ಲಾ ಕಡೆ ನಲ್ಲೀಲಿ ನೀರು ಬರುತ್ತೆ, ನಿಲ್ಲುತ್ತೆ. ನಮ್ಮ ಹೊರಪೇಟೆ ವಠಾರದಲ್ಲಿ ಇಂಥ ಸಂಗತಿ ಮಾತ್ರ ನಿಂತಿದ್ದೇ ಇಲ್ಲ.

ವಿಷ್ಯ ಎದುರುಮನೆ ಗುಮಾಸ್ತಂದು. ಅವ್ನಿಗೆ ಗುಬ್ಬೀಲಿ ಕೆಲ್ಸ. ನಮ್ಮನೆಯೋರೂ ಅದೇ ಆಫೀಸು, ಇಬ್ರೂ ಒಂದೇ ರೈಲಿಗೆ ಹೋಗಿ ಒಂದೇ ರೈಲಿಗೆ ಬರ್ತಾರೆ. ಮನೇಲಿ ಇರೋದು ಅವ್ನು, ಅವ್ನ ತಾಯಿ. ನಾವೆಲ್ಲ ದೊಡ್ಡಮ್ಮ ಅಂತೀವಿ. ದೊಡ್ಡಮ್ಮನ ಯಜಮಾನ್ರು ಹೋಗಿ ಬಹಳ ವರ್ಷ ಆಯ್ತು. ಒಬ್ನೇ ಮಗ, ಮದುವೆಯಾದ ವರ್ಷದೊಳಗೆ ರಾಮನವಮಿ ದಿನ ಹುಟ್ಟಿದೋನು. ಅದಕ್ಕೇ ರಾಮನವಮಿ ಬಂತು ಅಂದ್ರೆ ವಠಾರಕ್ಕೆಲ್ಲ ಅವ್ರ ಮನೆ ಪಾನಕ. ಪಾನಕ ಚೆನ್ನಾಗಿರುತ್ತೆ. ಕೋಸಂಬರಿಗೆ ಉಪ್ಪು ಸಾಲ್ದು.

ಈ ಕಾರ್ತೀಕ ಅಲ್ಲ, ಅದರ ಹಿಂದಿನ ಕಾರ್ತೀಕದಲ್ಲಿ ಅವ್ನ ಮದುವೆ ಆಯ್ತು. ಹುಡುಗಿ ಕುಣಿಗಲ್ನೋಳು, ಲಂಡನ್ನಲ್ಲಿ ನರ್ಸು. ಲಂಡನ್ ಅಲ್ವಂತೆ, ಅದರಾಚೆ ಯಾವ್ದೋ ಊರಂತೆ. ನಮಗೆ ಎಲ್ಲಾ ಲಂಡನ್ನೇ. ರಜಾ ಹಾಕಿ ಬಂದ್ಲು, ತಾಳಿ ಕಟ್ಟಿಸ್ಕೊಂಡ್ಲು, ಕೈಯಲ್ಲಿದ್ದ ಮೆಹಂದಿ ಬಿಡೋಕೆ ಮುಂಚೆ ಏರೋಪ್ಲೇನ್ ಹತ್ತಿ ಹೋದ್ಲು. ಎಲ್ಲರ ಮನೇಲೂ ಹೆಣ್ಣು ಅಳುತ್ತೆ, ಗಂಡು ಕರ್ಕೊಂಡು ಹೋಗುತ್ತೆ. ಇಲ್ಲಿ ಹೆಣ್ಣು ಹೋಯ್ತು, ಗಂಡು ಅಳ್ತಾ ನಿಂತ್ಕೊಂಡ್ತು.

ಅವ್ನು ಅಲ್ಲಿಗೆ ಹೋಗಿ ಹೆಂಡ್ತಿ ಜೊತೆ ಇರ್ಬೇಕು ಅಂದ್ರೆ ಮದುವೆ ವೀಸಾ ಅಂತ ಬೇಕಂತೆ. ಅದನ್ನ ಕೊಡೋ ಸಾಹೇಬ್ರಿಗೆ ಗಂಡಸ್ರ ಮೇಲೆ ಭಾರಿ ಅನುಮಾನ. ಲಂಡನ್ ಆಸೆಗೆ ತಾಳಿ ಕಟ್ಟಿದೋನೋ, ನಿಜವಾದ ಗಂಡನೋ ಅಂತ ಗಟ್ಟಿಯಾಗಬೇಕು ಅವ್ರಿಗೆ. ಹಾಗಾಗಿ ಇವ್ನು ಒಂದೇ ಒಂದು ವಿಷ್ಯ ತೋರಿಸ್ಬೇಕಾಗಿತ್ತು, ತಾನು ತನ್ನ ಹೆಂಡ್ತಿಗೆ ಗಂಡ ಅನ್ನೋದು. ಅಷ್ಟಕ್ಕೆ ವರ್ಷದ ಮೇಲಾಯ್ತು.

೧. ಹೆಣ್ಣಿನ ಕಡೆಯೋರು

ಮೊದ್ಲು ಪಾಸ್‌ಪೋರ್ಟು. ಅದಕ್ಕೆ ಅರ್ಜಿ ಹಾಕಿದ್ರೆ ಪೊಲೀಸ್ನೋರು ಬಂದು ಅಕ್ಕಪಕ್ಕ ವಿಚಾರಿಸ್ತಾರಂತೆ. ನಮಗೇನು ಗೊತ್ತು? ಒಂದಿನ ಮಧ್ಯಾಹ್ನ ಬಿಳಿ ಶರ್ಟು, ಹಣೇಲಿ ವಿಭೂತಿ, ಕಂಕುಳಲ್ಲಿ ಬ್ಯಾಗು, ಹಿಂಗೊಬ್ರು ಬಂದ್ರು. ನೋಡಿದ್ರೆ ಒಳ್ಳೆ ಮನೆತನದೋರು ಅನ್ನಬೇಕು. ಜಗಲಿ ಮೇಲೆ ವಠಾರದ ಯಜಮಾನ್ರು ಕೂತಿದ್ರು. ಅವ್ರನ್ನ ಕೇಳಿದ್ರು, ಎದುರುಮನೆ ಹುಡುಗ ಹೆಂಗೆ, ನಡತೆ ಹೆಂಗೆ, ಕುಡಿಯೋದು ಗಿಡಿಯೋದು ಇದೆಯಾ, ಎಷ್ಟು ಕಾಲದಿಂದ ಇಲ್ಲಿದಾನೆ.

ನಮ್ಮ ಕಡೆ ಇಷ್ಟೆಲ್ಲ ಕೇಳೋರು ಯಾರು ಹೇಳು? ಹೆಣ್ಣು ಹೆತ್ತೋರು. ಯಜಮಾನ್ರು ಇಂಥೋರಿಗೆ ಉತ್ತರ ಹೇಳಿ ಹೇಳಿ ಪಳಗಿದೋರು, ವಠಾರದ ನಾಲ್ಕೈದು ಮದುವೆ ಅವ್ರ ಬಾಯಿಂದ್ಲೇ ಕುದುರಿದ್ದು. ಆದ್ರೆ ಈ ಹುಡುಗನ ಮದುವೆ ಊಟ ಮಾಡಿ ಕೈ ತೊಳ್ಕೊಂಡು ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಅಷ್ಟರಲ್ಲಿ ಇನ್ನೊಂದು ಹೆಣ್ಣಿನ ಕಡೆಯೋರು ಬಂದ್ರೆ ಹೊಟ್ಟೆ ಉರಿಯಲ್ವಾ?

"ಸ್ವಾಮಿ, ನಿಮ್ಮ ಮಗಳನ್ನ ಬಾವಿಗೆ ಬೇಕಾದ್ರೆ ತಳ್ಳಿ, ಇವ್ನಿಗೆ ಮಾತ್ರ ಕೊಡ್ಬೇಡಿ," ಅಂದ್ರು ಯಜಮಾನ್ರು. "ಇವ್ನಿಗೆ ಆಗ್ಲೇ ಒಬ್ಳು ಅವ್ಳೆ. ಅವ್ಳನ್ನ ದೇಶ ಬಿಡ್ಸಿ ಕಳ್ಸಿ, ಈಗ ನಿಮ್ಮನೆ ಕಡೆ ಕಣ್ಣು ಹಾಕವ್ನೆ."

ಬಂದೋರು ಬ್ಯಾಗಿಂದ ಪೆನ್ನು ತೆಗೆದು ಎಲ್ಲಾ ಬರ್ಕೊಂಡ್ರು. ಯಜಮಾನ್ರಿಗೆ ಇನ್ನೂ ಹುರುಪು ಬಂತು. ಬರ್ಕೊಳ್ಳಿ, ನಿಮ್ಮ ನೆಂಟರಿಗೂ ತಿಳ್ಸಿ ಅಂದು, ನಮ್ಮನೆಯಿಂದ ಕಾಫಿ ತರ್ಸಿ ಕುಡ್ಸಿ ಕಳ್ಸಿದ್ರು. ಕಾಫಿ ಪುಡಿ ನಂದು, ಉಪಕಾರ ಅವ್ರದು.

ಎಷ್ಟು ಕಾದ್ರೂ ಪಾಸ್‌ಪೋರ್ಟ್ ಬರ್ಲಿಲ್ಲ. ಹೋಗಿ ವಿಚಾರಿಸಿದ್ರೆ, ಹುಡುಗನ ನಡತೆ ಸರಿ ಇಲ್ಲ, ಎರಡನೇ ಮದುವೆಗೆ ಓಡಾಡ್ತಾ ಇದಾನೆ ಅಂತ ವರದಿ ಹೋಗಿದೆ ಅಂದ್ರಂತೆ. ಕೊನೆಗೆ ಯಜಮಾನ್ರನ್ನೇ ರಿಕ್ಷಾದಲ್ಲಿ ಕೂರಿಸ್ಕೊಂಡು ಹೋಗಿ ಅವ್ರ ಮುಂದೆ ನಿಲ್ಸಿದ. ಯಜಮಾನ್ರು ಕೈ ಮುಗಿದು, ಹುಡುಗ ಅಪ್ಪಟ ಬಂಗಾರ ಸಾರ್, ಅವ್ನಿಗಿರೋದು ಒಬ್ಳೇ ಹೆಂಡ್ತಿ, ಅವ್ಳೂ ಇಲ್ಲಿಲ್ಲ ಅಂತ ಹೇಳಿದ್ರು. ಪೊಲೀಸ್ನೋರು ತಿದ್ದಿ ಬರ್ಕೊಂಡ್ರು. ಹೊರಡೋವಾಗ ಯಜಮಾನ್ರು ಬಗ್ಗಿ ಮೆಲ್ಲಗೆ ಕೇಳಿದ್ರಂತೆ, "ಸಾರ್, ನಿಮಗೆ ನಿಜವಾಗ್ಲೂ ಮಗಳಿದ್ರೆ ಹೇಳಿ. ನಮ್ಮ ವಠಾರದಲ್ಲೇ ಇನ್ನೊಬ್ಬ ಹುಡುಗ ಅವ್ನೆ."

೨. ನನ್ನ ತುರುಬು

ಪಾಸ್‌ಪೋರ್ಟ್ ಬಂತು. ಮದುವೆ ವೀಸಾಕ್ಕೆ ಮದ್ರಾಸಿಗೆ ಹೋದ. ಸಾಹೇಬ್ರು ಮದುವೆ ಫೋಟೋ ಕೇಳಿದ್ರು. ತಾಳಿ ಕಟ್ಟೋದು ಇರ್ಬೇಕು, ಗಂಡು ಹೆಣ್ಣು ಇಬ್ರ ಮುಖಾನೂ ಕಾಣ್ಬೇಕು.

ಮದುವೆ ಕುಣಿಗಲ್ ಛತ್ರದಲ್ಲಿ. ಫೋಟೋದೋನು ಪಾಪ ಕುರ್ಚಿ ಮೇಲೆ ಹತ್ತಿ ನಿಂತೇ ಇದ್ದ. ಆದ್ರೆ ಗಟ್ಟಿಮೇಳ ಅಂದ ತಕ್ಷಣ ಹೆಂಗಸ್ರು ಅಕ್ಷತೆ ಹಿಡ್ಕೊಂಡು ಕೂತಲ್ಲೇ ಕೂತಿರ್ತಾರಾ? ಎಲ್ರೂ ನುಗ್ಗಿದ್ವಿ. ದೂರದಿಂದ ಎಸೆದ ಅಕ್ಷತೆ ಮುಂದೆ ಕೂತಿರೋರ ತಲೆ ಮೇಲೆ ಬೀಳುತ್ತೆ ಅಂತ ನಾನು ಸ್ವಲ್ಪ ಜಾಸ್ತೀನೇ ಮುಂದಕ್ಕೆ ಹೋಗಿದ್ದೆ. ಆವಾಗ್ಲೇ ಬಲ್ಬು ಮಿಂಚ್ತು.

ಫೋಟೋ ಬಂದಾಗ ನೋಡಿದ್ರೆ, ಮಾಂಗಲ್ಯಧಾರಣೆ ಫೋಟೋ ತುಂಬ ನನ್ನ ತುರುಬು. ತುರುಬಿನ ಸುತ್ತ ಕನಕಾಂಬರ, ಅದರ ಮಗ್ಗುಲಲ್ಲಿ ಗುಮಾಸ್ತನ ಪೇಟದ ಒಂದು ತುದಿ. ಅಷ್ಟೇ ಮದುವೆ. ಹೂವಂತೂ ಬಹಳ ಚೆನ್ನಾಗಿ ಬಿದ್ದಿತ್ತು.

ಮಿಕ್ಕಿದ್ದು ಮುಯ್ಯಿ ಮಾಡೋ ಫೋಟೋಗಳು. ಅದರಲ್ಲೆಲ್ಲ ಹುಡುಗಿಯ ಸೋದರಮಾವ ಗಂಡು ಹೆಣ್ಣಿನ ಮಧ್ಯೆ ನಿಂತವ್ನೆ. ಯಾರು ಬಂದ್ರೂ ಅವ್ನೇ ಮಧ್ಯೆ. ಮಾತಾಡ್ಸಿದ್ರೆ ಆ ಜಾಗ ತನ್ನ ಹಕ್ಕು ಅನ್ನೋ ಹಂಗಿದ್ದ.

ಇವೇ ಫೋಟೋ ತಗೊಂಡು ಮದ್ರಾಸಿಗೆ ಹೋದ. ಸಾಹೇಬ್ರು ಒಂದೊಂದೇ ನೋಡಿದ್ರಂತೆ. ಇದ್ರಲ್ಲಿ ನಿನ್ನ ಹೆಂಡ್ತಿ ಯಾರು ಅಂದ್ರೆ, ಇವ್ನು ಸೋದರಮಾವನ ಮೊಣಕೈ ಕೆಳಗಿನ ಒಂದು ಕೈ ತೋರ್ಸಿ, ಇದು ಸಾರ್ ಅಂದ. ತಾಳಿ ಕಟ್ಟೋ ಫೋಟೋದಲ್ಲಿರೋ ತಲೆ ಯಾರ್ದು ಅಂದ್ರಂತೆ. ಎದುರುಮನೆಯೋರ್ದು ಅಂದ. ಸಾಹೇಬ್ರು ಕನ್ನಡಕ ತೆಗೆದು, ಹಾಗಾದ್ರೆ ಈ ಹೆಂಗಸು ನಿನ್ನ ಮದುವೆಗೆ ಸಾಕ್ಷಿ ಅಂತ ಬರ್ಕೊಳ್ಳಲಾ ಅಂದ್ರಂತೆ. ಇನ್ನೂ ವಿಚಾರಣೆ ಆಗ್ಬೇಕು ಅಂತ ಫೋಟೋ ಇಟ್ಕೊಂಡು ಕಳ್ಸಿದ್ರು.

ನಾನು ಬೆಂಗಳೂರಿನ ಮೆಜೆಸ್ಟಿಕ್ ದಾಟಿ ಆ ಕಡೆ ಹೋಗಿಲ್ಲ ಕಣೇ. ನನ್ನ ತುರುಬು ಲಂಡನ್ ಗವರ್ಮೆಂಟಿನ ಫೈಲಲ್ಲಿ ಕೂತದೆ.

೩. ಅಮ್ಮನ್ನ ಕೇಳ್ಬೇಕು ಸಾರ್

ಸಂಕ್ರಾಂತಿ ಹೋಯ್ತು, ಯುಗಾದಿ ಹೋಯ್ತು, ಮದುವೆ ವೀಸಾ ಇಲ್ಲ. ನರ್ಸಮ್ಮಂಗೂ ಬೇಜಾರಾಗಿ, ಅದು ಬಂದಾಗ ಬರ್ಲಿ, ಈಗ ಸುಮ್ಮನೆ ನನ್ನ ನೋಡ್ಕೊಂಡು ಹೋಗೋಕಾದ್ರೂ ಬನ್ನಿ ಅಂದ್ಲು. ನೋಡ್ಕೊಂಡು ಬರೋಕೆ ಬೇರೆ ವೀಸಾ. ಮತ್ತೆ ಮದ್ರಾಸು.

ಈಗ ತಮಾಷೆ ನೋಡು. ಮದುವೆ ವೀಸಾಕ್ಕೆ, ಹೆಂಡ್ತಿ ಬಿಟ್ಟು ಇರೋಕಾಗಲ್ಲ ಸಾರ್ ಅನ್ಬೇಕು. ನೋಡ್ಕೊಂಡು ಬರೋ ವೀಸಾಕ್ಕೆ, ಹೆಂಡ್ತಿ ಬಿಟ್ಟು ಗ್ಯಾರಂಟಿ ವಾಪಸ್ ಬರ್ತೀನಿ ಸಾರ್ ಅನ್ಬೇಕು. ಆಫೀಸು ಒಂದೇ, ಕಿಟಕಿ ಎರಡು. ಯಾವ ಕಿಟಕೀಲಿ ಯಾವ ಮುಖ ಇಡ್ಬೇಕು ಅಂತ ಇವ್ನು ರೈಲಿನಲ್ಲಿ ಗುಬ್ಬಿ ತನಕ ನಮ್ಮನೆಯೋರ ಮುಂದೆ ಕಂಠಪಾಠ ಮಾಡ್ತಾ ಇದ್ದ.

ಸಾಹೇಬ್ರು ರಜಾ ಚೀಟಿ ನೋಡಿದ್ರು, ಗುಬ್ಬಿ ಕೆಲ್ಸ ವಿಚಾರಿಸಿದ್ರು. ಒಂದಕ್ಕೂ ನಂಬಿಕೆ ಬರ್ಲಿಲ್ಲ. ನಿನ್ನಂಗೆ ಹೇಳಿ ಹೋದೋರು ಎಷ್ಟೋ ಜನ ಬಂದೇ ಇಲ್ಲ ಅಂದ್ರು. ಆಮೇಲೆ ಪೆನ್ನು ಕೆಳಗಿಟ್ಟು ಒಂದು ಮಾತು ಕೇಳಿದ್ರಂತೆ, ನಿನ್ನ ಹೆಂಡ್ತಿ ಅತ್ತು ಕರೆದು, ಹೋಗ್ಬೇಡಿ ಇಲ್ಲೇ ಇದ್ದುಬಿಡಿ ಅಂದ್ರೆ ಏನ್ ಮಾಡ್ತೀಯಾ?

ಕಂಠಪಾಠ ಮಾಡಿದ್ದರಲ್ಲಿ ಈ ಪ್ರಶ್ನೆ ಇರ್ಲಿಲ್ಲ. ಇವ್ನು ಬಹಳ ಹೊತ್ತು ಯೋಚನೆ ಮಾಡಿ ನಿಜವಾದ ಉತ್ತರಾನೇ ಹೇಳಿದ. "ಅಮ್ಮನ್ನ ಕೇಳ್ಬೇಕು ಸಾರ್."

ಸಾಹೇಬ್ರು ಇನ್ನೊಂದು ಪ್ರಶ್ನೆ ಕೇಳ್ಲಿಲ್ಲ. ಇಂಥೋನು ಬರ್ದೇ ಎಲ್ಲಿ ಹೋಗ್ತಾನೆ ಅಂತ ಸೀಲು ಹೊಡೆದು ಕೊಟ್ರು.

೪. ಒಂದೇ ಸೂರು

ವೀಸಾ ಏನೋ ಬಂತು. ದಿನ ನೋಡಿದ್ರೆ ಹೋಗೋದೇ ಆಷಾಢ ಹುಟ್ಟೋ ಹೊತ್ತಿಗೆ.

ಮದುವೆಯಾದ ಮೊದಲ್ನೇ ಆಷಾಢ ಗಂಡ ಹೆಂಡ್ತಿ ಸೇರಬಾರದು ಅಂತ ನಿಂಗೆ ಹೇಳ್ಬೇಕಾಗಿಲ್ಲ. ಆಷಾಢದಲ್ಲಿ ಗರ್ಭ ನಿಂತ್ರೆ ಚೈತ್ರದ ಬಿಸಿಲಲ್ಲಿ ಹೆರಿಗೆ, ತಾಯಿಗೂ ಕಷ್ಟ ಮಗೂಗೂ ಕಷ್ಟ. ಅದಕ್ಕೇ ಸೊಸೇನ ತೌರಿಗೆ ಕಳ್ಸೋದು. ಇಲ್ಲಿ ಸೊಸೆ ಲಂಡನ್ನಲ್ಲವ್ಳೆ, ಕಳ್ಸೋದು ಎಲ್ಲಿಗೆ? ಮಗನ್ನ ತಡೀಬೇಕು ಅಂದ್ರೆ ಅವ್ಳ ರಜಾ ಆವಾಗ್ಲೇ, ಇವ್ನ ವೀಸಾ ಆವಾಗ್ಲೇ. ಬಿಟ್ರೆ ಮತ್ತೆ ಸಿಗಲ್ಲ.

ದೊಡ್ಡಮ್ಮ ಮಗನ್ನ ಗುಬ್ಬಿಗೆ ಕರ್ಕೊಂಡು ಹೋಗಿ ಗುಬ್ಬಿಯಪ್ಪನ ಗುಡೀಲಿ ಆಣೆ ಇಡ್ಸಿದ್ರು. ನಾನೂ ಹೋಗಿದ್ದೆ. ಮಾತು ಅವ್ರೇ ಹೇಳ್ಕೊಟ್ರು, ಇವ್ನು ಹಿಂದೆ ಹಿಂದೆ ಹೇಳ್ದ. "ಆಷಾಢ ಕಳೆಯೋವರ್ಗೂ ಹೆಂಡ್ತಿ ಜೊತೆ ಒಂದೇ ಮನೆ ಸೂರಿನ ಕೆಳಗೆ ಮಲಗಲ್ಲ." ತಪ್ಪಿದ್ರೆ ನಿನ್ನ ಮಗೂನ ನಾನು ಎತ್ಕೊಳ್ಳಲ್ಲ ಅಂತ ದೊಡ್ಡಮ್ಮ ತಮ್ಮ ಕಡೆಯಿಂದ ಒಂದು ಸೇರಿಸಿದ್ರು. ಅವ್ನಿಗೆ ಗುಬ್ಬಿಯಪ್ಪನಿಗಿಂತ ಹೆಚ್ಚು ಹೆದರಿಕೆ ಆಗಿದ್ದು ಅದಕ್ಕೆ.

ಹೊರಡೋ ದಿನ ಚಟ್ನಿಪುಡಿ, ಹುರಿಹಿಟ್ಟು, ಕೊಬ್ಬರಿ ಗಿಟುಕು ಎಲ್ಲಾ ಕಟ್ಟಿ, ಹೆಂಡ್ತಿ ಮನೇಲಿ ಹೊಂದ್ಕೊಂಡು ಹೋಗಪ್ಪ ಅಂತ ಯಜಮಾನ್ರು ಬುದ್ಧಿ ಹೇಳಿದ್ರು. ಮಡಿಲಕ್ಕಿ ಒಂದು ಬಾಕಿ ಇತ್ತು ನೋಡು.

ಅಲ್ಲಿ ನರ್ಸಮ್ಮ ಹೂವು ಹಿಡ್ಕೊಂಡು ಬಂದು ನಿಂತಿದ್ರೆ, ಇವ್ನು ದೂರದಲ್ಲೇ ನಿಂತು, ನಾನು ಇಳ್ಕೊಳ್ಳೋದು ಎಲ್ಲಿ ಅಂದ್ನಂತೆ. ತಮಾಷೆ ಮಾಡ್ತಾ ಅವ್ನೆ ಅಂದ್ಕೊಂಡ್ಳು. ತಮಾಷೆ ಅಲ್ಲ ಅಂತ ಗೊತ್ತಾದ್ಮೇಲೆ ಅದೇ ಊರಲ್ಲಿದ್ದ ಮೈಸೂರಿನ ಡಾಕ್ಟ್ರ ಮನೆ ಹಾಲಲ್ಲಿ ಮಲಗ್ಸಿದ್ಲು. ದಿನಾ ಡ್ಯೂಟಿ ಮುಗಿಸ್ಕೊಂಡು ಬರೋಳು, ಎದುರು ಕುರ್ಚೀಲಿ ಕೂರೋಳು, ಡಾಕ್ಟ್ರ ಹೆಂಡ್ತಿ ಉಪ್ಪಿಟ್ಟು ಕಾಫಿ ತಂದಿಡೋರು. ತಾಳಿ ಕಟ್ಟಿ ಎಂಟು ತಿಂಗಳಾದ್ಮೇಲೆ ಅವ್ನು ದಿನಾ ಸಾಯಂಕಾಲ ಹೆಣ್ಣು ನೋಡೋ ಶಾಸ್ತ್ರ ಮಾಡ್ತಾ ಇದ್ದ.

ನರ್ಸಮ್ಮ ಬಾಡಿಗೆಗಿರೋದು ಒಬ್ಳು ಬಿಳಿ ಅಜ್ಜಿ ಮನೇಲಿ. ಗಂಡ ಬಂದವ್ನಲ್ಲ, ಎಲ್ಲಿ ಅಂದ್ಲು ಅಜ್ಜಿ. ಆಷಾಢಕ್ಕೆ ಇಂಗ್ಲಿಷಲ್ಲಿ ಏನಂತಾರೆ? ನಮ್ಮತ್ತೆಗೆ ಇಷ್ಟ ಇಲ್ಲ ಅಂದ್ಲು ಇವ್ಳು. ನಿಮ್ಮತ್ತೆ ಎಲ್ಲವ್ರೆ ಅಂದ್ಲು ಅಜ್ಜಿ. ತುಮಕೂರಲ್ಲಿ. ಅಜ್ಜಿ ಕಿಟಕಿ ಪರದೆ ಸರಿಸಿ ಹೊರಗೆ ನೋಡಿ, "ಅಲ್ಲಿಂದ ಕಾಣುತ್ತಾ?" ಅಂದ್ಲಂತೆ.

ಹಿಂಗೇ ಒಂದೆರಡು ವಾರ ಆಯ್ತು. ನರ್ಸಮ್ಮನ ರಜಾ ಶುರುವಾಯ್ತು. ಗಂಡನ್ನ ಬಸ್ಸು ಹತ್ಸಿ ಸಮುದ್ರ ಇರೋ ಒಂದೂರಿಗೆ ಕರ್ಕೊಂಡು ಹೋದ್ಲು. ಲಾಡ್ಜಿನ ಬಾಗ್ಲಲ್ಲಿ ಇವ್ನು ಪೆಟ್ಟಿಗೆ ಹಿಡ್ಕೊಂಡು ನಿಂತೇಬಿಟ್ಟ. ಆಣೆ ಅಂದ. ಮೇಲೆ ಸೋನೆ ಮಳೆ.

ಆಣೆ ಏನಂತ ಇಟ್ರಿ, ಸರಿಯಾಗಿ ಹೇಳಿ ಅಂದ್ಲು ಕುಣಿಗಲ್ ಹುಡುಗಿ. ಒಂದೇ ಮ‌ನೆ ಸೂರಿನ ಕೆಳಗೆ ಅಂತ ಅಂದ.

"ಇದು ಮನೇನಾ?"

"ಅಲ್ಲ."

"ಮತ್ತೆ ಯಾಕ್ರೀ ನೆನೀತಾ ನಿಂತಿದೀರಾ?"

ಆಫೀಸಲ್ಲಿ ರೂಲ್ಸು ಓದಿ ಓದಿ ಸಂಬಳ ತಗೊಂಡೋನು ಅವ್ನು. ಸಂದು ಕಂಡ್ಮೇಲೆ ಬಿಡ್ತಾನಾ? ಒಳಗೆ ಹೋದ. ರಜಾ ಮುಗಿಯೋವರ್ಗೂ ಹೊರಗೆ ಬಂದಿದ್ದು ಸಮುದ್ರ ನೋಡೋಕೆ ಮಾತ್ರ. ವಾಪಸ್ ಬಂದು ಮತ್ತೆ ಡಾಕ್ಟ್ರ ಮನೆ ಹಾಲಲ್ಲಿ ಚಾಪೆ ಹಾಸ್ಕೊಂಡ, ಶ್ರಾವಣ ಹುಟ್ಟಿ ಮಾರನೇ ದಿನ ಏರೋಪ್ಲೇನ್ ಹತ್ತೋ ತನಕ.

ಇದನ್ನೇ ಅವ್ನು ರೈಲಲ್ಲಿ ನಮ್ಮನೆಯೋರಿಗೆ ಹೇಳಿದ್ದು, ದೊಡ್ಡಮ್ಮನ ಕಿವಿಗೆ ಬೀಳಬಾರದು ಅಂತ ಆಣೆ ಇಡ್ಸಿ. ದೊಡ್ಡಮ್ಮನ ಕಿವಿಗೆ ಬೀಳ್ಲಿಲ್ಲ. ನನ್ನ ಕಿವಿಗೆ ಅಂತ ಆಣೇಲಿ ಇರ್ಲಿಲ್ಲವಲ್ಲ.

೫. ದೊಡ್ಡಮ್ಮನ ಸಾಕ್ಷಿ

ಹೇಳಿದ ದಿನಕ್ಕೆ ವಾಪಸ್ ಬಂದ. ಬಂದಿದ್ದಕ್ಕೆ ಒಳ್ಳೇದಾಗುತ್ತೆ, ಮದುವೆ ವೀಸಾ ಕೊಡ್ತಾರೆ ಅಂತಿದ್ದ. ಗೌರಿ ಹಬ್ಬಕ್ಕೆ ಮುಂಚೆ ಮದ್ರಾಸಿಂದ ಕರೆ ಬಂತು. ಸಮುದ್ರ ನೋಡಿಲ್ಲ, ನಾನೂ ಬರ್ತೀನಿ ಅಂತ ದೊಡ್ಡಮ್ಮ ಜೊತೇಲಿ ಹೊರಟ್ರು. ಬೇಡ ಅಂದ್ರೂ ಕೇಳ್ಲಿಲ್ಲ.

ಅಷ್ಟರಲ್ಲಿ ಲಂಡನ್ ಕಡೆ ಆಫೀಸ್ನೋರು ಬಿಳಿ ಅಜ್ಜಿ ಮನೆಗೆ ಹೋಗಿ ವಿಚಾರಿಸ್ಕೊಂಡು ಬಂದಿದ್ರು. ಗಂಡ ಬಂದಿದ್ದ, ಆದ್ರೆ ಒಂದು ರಾತ್ರೀನೂ ಇಲ್ಲಿ ಮಲಗ್ಲಿಲ್ಲ, ಯಾಕೋ ಗೊತ್ತಿಲ್ಲ ಪಾಪ ಅಂದಿದ್ಲು ಅಜ್ಜಿ. ಸುಳ್ಳೇನಲ್ಲ. ಆ ವರದಿ ಮದ್ರಾಸಿಗೆ ಬಂದಿತ್ತು.

ಸಾಹೇಬ್ರು ಕೇಳಿದ್ರು, ಹೆಂಡ್ತಿ ನೋಡೋಕೆ ಅಷ್ಟು ದೂರ ಹೋದೋನು ಯಾರದ್ದೋ ಮನೇಲಿ ಯಾಕೆ ಮಲಗಿದ್ದೆ? ಲಾಡ್ಜಿನ ವಿಷ್ಯ ಹೇಳಿದ್ರೆ ವೀಸಾ ಸಿಕ್ತು. ಆದ್ರೆ ಪಕ್ಕದಲ್ಲಿ ದೊಡ್ಡಮ್ಮ. ಇಂಗ್ಲಿಷಲ್ಲಿ ಹೇಳಿ ಪಾರಾಗೋಣ ಅಂದ್ರೆ ಅಲ್ಲಿ ಕೋಲಾರದ ಕಡೆ ಒಬ್ರು ದುಭಾಷಿ, ಬಹಳ ಒಳ್ಳೆಯೋರು. ವಯಸ್ಸಾದ ತಾಯಿಗೆ ಅರ್ಥ ಆಗ್ಲಿ ಅಂತ ಅವ್ನು ಕೆಮ್ಮಿದ್ರೂ ಕನ್ನಡ ಮಾಡಿ ಹೇಳ್ತಾ ಇದ್ರು.

ಮಗ ಬಾಯಿ ಬಿಡಲಿಲ್ಲ ಅಂತ ಸಾಹೇಬ್ರು ತಾಯಿ ಕಡೆ ತಿರುಗಿದ್ರು. ನಿಮ್ಮ ಮಗ ಸೊಸೆ ಅಲ್ಲಿ ಗಂಡ ಹೆಂಡ್ತಿ ತರ ಇದ್ರಾ?

"ಛೆ ಛೆ, ಎಲ್ಲಾದ್ರೂ ಉಂಟಾ ಸ್ವಾಮಿ," ಅಂದ್ರು ದೊಡ್ಡಮ್ಮ. "ನನ್ನ ಮಗ ಅಂಥೋನಲ್ಲ. ಗುಡೀಲಿ ಆಣೆ ಇಟ್ಟು ಹೋಗವ್ನೆ. ಅವ್ಳ ಹತ್ರ ಸುಳಿದಿಲ್ಲ. ಬೇಕಾದ್ರೆ ನಾನು ಎಲ್ಲಿ ಬೇಕಾದ್ರೂ ಬಂದು ಸಾಕ್ಷಿ ಹೇಳ್ತೀನಿ."

ದುಭಾಷಿ ಒಂದಕ್ಷರ ಬಿಡದೆ ಹೇಳಿದ್ರು. ಸಾಹೇಬ್ರು ಬರ್ಕೊಂಡು ಫೈಲು ಮುಚ್ಚಿದ್ರು. ಗುಮಾಸ್ತ ಬೀಚಿನಲ್ಲಿ ಮಂಡಿ ತಬ್ಕೊಂಡು ಕೂತ್ರೆ, ದೊಡ್ಡಮ್ಮ ಅಲೆಗೆ ಕಾಲು ಒಡ್ಕೊಂಡು ನಿಂತಿದ್ರಂತೆ. ಊರಿಗೆ ಬಂದು ಒಂದು ವಾರ ನಲ್ಲಿ ಹತ್ರ ಅದೇ ಮಾತು, "ನನ್ನ ಮಗನ ಗುಣ ಎಂಥದ್ದು ಅಂತ ಆ ಸಾಹೇಬ್ರಿಗೆ ಮನದಟ್ಟು ಮಾಡಿ ಬಂದೆ ಕಣ್ರಮ್ಮ."

೬. ಅಲ್ಲಿ ಚಳಿಯಂತೆ

ದಸರಾ ಕಳೀತು. ಒಂದಿನ ಯಜಮಾನ್ರ ಮನೆಗೆ ಲಂಡನ್ನಿಂದ ಫೋನು. ವಠಾರಕ್ಕೆಲ್ಲ ಅದೊಂದೇ ಫೋನು, ಲಂಡನ್ ಫೋನು ಅಂದ್ರೆ ನಾವೆಲ್ಲ ಹಾಲಲ್ಲಿ. ನಾವು ಕೇಳ್ಕೊಳ್ಳೋಕೆ ಬಂದಿರ್ಲಿಲ್ಲ, ಧೈರ್ಯಕ್ಕಿರಲಿ ಅಂತ ಬಂದಿದ್ವಿ. ದೊಡ್ಡಮ್ಮ ಮಗನ ಭುಜಕ್ಕೆ ಭುಜ ಕೊಟ್ಟು ನಿಂತಿದ್ರು.

ಅವ್ನು ಹೂಂ ಅಂದ, ಹೌದಾ ಅಂದ. ಯಾವಾಗ ಅಂದ. ಕುರ್ಚಿ ಹಿಡ್ಕೊಂಡು ಕೂತ. ಫೋನ್ ಇಟ್ಮೇಲೆ ದೊಡ್ಡಮ್ಮ, ಏನಂತೋ ಅಂದ್ರೆ, "ಅಲ್ಲಿ ಚಳಿಯಂತೆ ಅಮ್ಮ" ಅಂದ.

ಚಳಿಗೆ ಗಂಡಸು ಯಾಕೆ ಬೆವರ್ತಾನೆ ಅಂತ ನಾನು ಆವತ್ತೇ ಅಂದ್ಕೊಂಡೆ. ಮಾರನೇ ದಿನ ರೈಲಲ್ಲಿ ವಿಷ್ಯ ಹೊರಗೆ ಬಂತು. ಮೂರು ತಿಂಗಳು ತುಂಬ್ಲಿ ಅಂತ ಕಾದು ನರ್ಸಮ್ಮ ಫೋನ್ ಮಾಡಿದ್ಲು. ಯುಗಾದಿ ಹೊತ್ತಿಗೆ ಹೆರಿಗೆ.

ಯುಗಾದಿ ಅಂದ್ರೆ ಚೈತ್ರ. ಹೆಂಗಸಾದೋಳು ಯಾರಾದ್ರೂ ಸರಿ, ಕೇಳಿದ ತಕ್ಷಣ ಬೆರಳು ಮಡಚ್ತಾಳೆ. ಸಾಹೇಬ್ರಿಗೆ ಈ ಸುದ್ದಿ ಮುಟ್ಟಿದ್ರೆ ವೀಸಾ ಬಂತು. ದೊಡ್ಡಮ್ಮಂಗೆ ಮುಟ್ಟಿದ್ರೆ ಅವ್ನ ಕತೆ ಮುಗೀತು. ಒಬ್ರಿಗೆ ಸೇರಿದ್ದೆ ಅಂತ ತೋರಿಸ್ಬೇಕು, ಒಬ್ರಿಗೆ ಸೇರಿಲ್ಲ ಅಂತ ತೋರಿಸ್ಬೇಕು, ತೋರ್ಸೋಕಿರೋ ಹೊಟ್ಟೆ ಒಂದೇ.

ನರ್ಸಮ್ಮ ಜಾಣೆ. ಹೊಟ್ಟೆ ಚೆನ್ನಾಗಿ ಕಾಣೋ ತನಕ ಕಾದು, ತಾನೇ ಅಲ್ಲಿನ ಆಫೀಸಿಗೆ ಹೋಗಿ ಕಿಟಕಿ ಮುಂದೆ ಕೋಟು ಬಿಚ್ಚಿ ನಿಂತ್ಕೊಂಡ್ಳಂತೆ. ಗಂಡ ಬಂದಿದ್ದಕ್ಕೆ ಗುರುತು ಕೇಳಿದ್ರಲ್ಲ, ಇದು ಸಾಕಾ, ಇನ್ನೊಂದು ಬೇಕಾ ಅಂದ್ಲಂತೆ. ಲಾಡ್ಜಿನೋರನ್ನ ಬೇಕಾದ್ರೆ ಕೇಳ್ಕೊಳ್ಳಿ ಅಂತಾನೂ ಹೇಳಿ ಬಂದ್ಲು.

ಈ ಸಂಕ್ರಾಂತಿ ಆದ್ಮೇಲೆ ಮದುವೆ ವೀಸಾ ಬಂತು. ಬಸುರಿ ಅನ್ನೋ ಸುದ್ದಿ ದೊಡ್ಡಮ್ಮಂಗೆ ಅವಾಗ್ಲೇ ಹೇಳಿದ್ದು. ಹೊರಡೋ ಹಿಂದಿನ ರಾತ್ರಿ, ಶ್ರಾವಣದ ಲೆಕ್ಕ, ವೈಶಾಖಕ್ಕೆ ಹೆರಿಗೆ ಅಂತ ಅಂದ. ದೊಡ್ಡಮ್ಮ ಗುಬ್ಬಿಯಪ್ಪನಿಗೆ ಹಣ್ಣುಕಾಯಿ ಮಾಡ್ಸಿ ಬಂದು ವಠಾರಕ್ಕೆಲ್ಲ ಸಕ್ಕರೆ ಹಂಚಿದ್ರು. "ನಾನು ಮದ್ರಾಸಲ್ಲಿ ನಿಜ ಹೇಳಿದ್ದಕ್ಕೇ ನೋಡ್ರಮ್ಮ ವೀಸಾ ಕೊಟ್ಟಿದ್ದು" ಅಂದ್ರು. ಎಲ್ರೂ ಸಕ್ಕರೆ ಬಾಯಿಗೆ ಹಾಕ್ಕೊಂಡ್ರು. ಬಾಯಿ ತುಂಬ ಏನಾದ್ರೂ ಇರೋದು ಆವತ್ತು ಒಳ್ಳೇದೇ ಆಯ್ತು.

೭. ಮೆದೆಗೆ ಸೂರು

ಇನ್ನು ಇದು. ಇದನ್ನ ಮಾತ್ರ ಹೊಟ್ಟೇಲಿ ಇಟ್ಕೋಬೇಕು ನೀನು.

ಮೊನ್ನೆ ಕುಣಿಗಲ್ ಬೀಗಿತ್ತಿ ಕಡೆಯಿಂದ ಒಬ್ರು ಬಂದಿದ್ರು. ಬಾಣಂತಿಗೆ ಬೇಕಾದ್ದು ಅಂತ ಒಂದು ಗಂಟು ಕೊಟ್ಟು, ಅಳಿಯಂದ್ರ ಜೊತೆ ಕಳ್ಸಿ, ಯುಗಾದಿಗೆ ಮುಂಚೆ ತಲುಪ್ಬೇಕಂತೆ ಅಂತ ದೊಡ್ಡಮ್ಮಂಗೇ ಹೇಳಿ ಹೋದ್ರು. ಮಗ ಆಫೀಸಿಗೆ ಹೋಗಿದ್ದ. ನಾನು ನಮ್ಮ ಬಾಗ್ಲಲ್ಲಿ ಅವರೆಕಾಯಿ ಸುಲೀತಾ ಕೂತಿದ್ದೆ. ಮುಗೀತು, ಇವತ್ತು ರೈಲಿಂದ ಇಳಿಯೋನಿಗೆ ಹಬ್ಬ ಅಂದ್ಕೊಂಡೆ.

ದೊಡ್ಡಮ್ಮ ನೇರ ನಮ್ಮನೆಗೆ ಬಂದ್ರು. ಇದೇ ಜಾಗದಲ್ಲಿ, ನೀನು ಕೂತಿರೋ ಕಡೆ ಕೂತ್ರು. ನಾಲ್ಕು ಕಾಯಿ ಸುಲಿದ್ರು. ಆಮೇಲೆ, "ನಂಗೆ ಎಣಿಸೋಕೆ ಬರಲ್ಲ ಅಂದ್ಕೊಂಡವ್ನೆ ಕಣೇ ನನ್ನ ಮಗ" ಅಂದ್ರು.

ನಾನು ಏನೂ ಗೊತ್ತಿಲ್ಲದೋಳ ತರ ಯಾಕೆ ದೊಡ್ಡಮ್ಮ ಅಂದೆ. ಯಾಕೆ ಅಂದ್ರೆ, ನಿಂಗೆ ಗೊತ್ತಿಲ್ದೇ ಇರೋದು ಈ ವಠಾರದಲ್ಲಿ ಏನವ್ವಾ ಇದೆ ಅಂದ್ರು. ಫೋನ್ ಬಂದ ದಿನಾನೇ ಅವ್ರಿಗೆ ಗೊತ್ತಾಗಿತ್ತಂತೆ. ಚಳಿಯಂತೆ ಅಂತ ಹೇಳಿ ಬೆವರು ಒರೆಸ್ಕೊಂಡ್ನಲ್ಲ, ಆವತ್ತೇ.

ಮತ್ತೆ ಮಗೂನ ಎತ್ಕೊಳ್ಳಲ್ವಾ ದೊಡ್ಡಮ್ಮ ಅಂದೆ. ಆವಾಗ ಅವ್ರು ಹೇಳಿದ್ದು ಕೇಳು.

"ನಮ್ಮ ಮದುವೆ ಆಗಿದ್ದು ವೈಶಾಖದಲ್ಲಿ. ಆಷಾಢಕ್ಕೆ ನನ್ನನ್ನ ಕುಣಿಗಲ್ ಹತ್ರ ನಮ್ಮ ತೌರಿಗೆ ಕಳ್ಸಿದ್ರು. ನಮ್ಮವ್ವ ನಂಗೂ ಆಣೆ ಇಡ್ಸಿದ್ಲು, ಇದೇ ಮಾತು, ಒಂದೇ ಮನೆ ಸೂರಿನ ಕೆಳಗೆ ಅಂತ. ಇವ್ನಪ್ಪ ಗುಬ್ಬಿಯಿಂದ ಸೈಕಲ್ ತುಳ್ಕೊಂಡು ಬಂದ್ರು. ಈ ಕಡೆ ಹಸು ಮಾರೋರು ಇದಾರಂತೆ, ನೋಡೋಕೆ ಬಂದೆ ಅಂದ್ರು. ನಮ್ಮವ್ವ ಬಾಗ್ಲಲ್ಲೇ ನಿಲ್ಸಿ ಮಜ್ಜಿಗೆ ಕೊಟ್ಟು ಕಳ್ಸಿದ್ಲು. ಅವ್ರು ರಸ್ತೆ ತನಕ ಹೋಗಿ, ಸೈಕಲ್ ಮಲಗ್ಸಿ, ಹಿತ್ಲ ಕಡೆಯಿಂದ ವಾಪಸ್ ಬಂದ್ರು."

ಆಮೇಲೆ ಅಂದೆ.

"ಆಮೇಲೇನು? ಸೂರಿನ ಕೆಳಗೆ ಕಾಲಿಡ್ಲಿಲ್ಲ ಕಣೇ. ಹುಲ್ಲಿನ ಮೆದೆಗೆ ಸೂರೆಲ್ಲಿರುತ್ತೆ?"

ಅಷ್ಟು ಹೇಳಿ ಮತ್ತೆ ಅವರೆಕಾಯಿ ಸುಲಿಯೋಕೆ ಶುರು ಮಾಡಿದ್ರು. ನಾನು ಕೈಯಲ್ಲಿದ್ದ ಕಾಳು ಸಿಪ್ಪೆ ಜೊತೆ ಎಸೆದಿದ್ದೆ, ಅದನ್ನೂ ಆರಿಸಿ ಹಾಕಿದ್ರು. ಲಾಡ್ಜಿನ ವಿಷ್ಯ ಅವ್ರಿಗೆ ನಾನು ಹೇಳಿರ್ಲಿಲ್ಲ. ಹೇಳಿದೆ. ಸೆರಗು ಬಾಯಿಗಿಟ್ಕೊಂಡು ನಕ್ಕಿದ್ದು ನಕ್ಕಿದ್ದೇ. ಅವ್ನಪ್ಪನ ಬುದ್ಧಿ, ಅವ್ರು ಸೈಕಲ್ಲಲ್ಲಿ ಬಂದ್ರು, ಇವ್ನು ಏರೋಪ್ಲೇನಲ್ಲಿ ಹೋದ ಅಂದ್ರು.

ಹಂಗಾದ್ರೆ ಅವ್ನಿಗೆ ಹೇಳ್ಬಿಡಿ, ಪಾಪ ಹೆದರ್ಕೊಂಡು ಒಣಗ್ತಾ ಅವ್ನೆ ಅಂದೆ. ಬೇಡ ಅಂತ ನನ್ನ ಕೈ ಹಿಡ್ಕೊಂಡ್ರು. "ಹೆದರ್ಕೊಂಡೇ ಇರ್ಲಿ. ಅಮ್ಮನ ಕೈಲಿ ಮಗೂನ ಎತ್ತಿಸ್ಬೇಕು ಅನ್ನೋ ಭಯ ಇದ್ರೆ, ಮಗೂನ ಕರ್ಕೊಂಡು ಬೇಗ ಬರ್ತಾನೆ. ನೀನು ಬಾಯಿ ಬಿಟ್ಟೀಯಾ." ನನ್ನ ತಾಳಿ ಮುಟ್ಸಿ ಆಣೆ ಇಡ್ಸಿದ್ರು.

ಈಗ ನೋಡು ನನ್ನ ಕಷ್ಟ. ಅಮ್ಮಂಗೆ ಹೇಳ್ಬೇಡಿ ಅಂತ ಮಗನ ಕಡೆ ಒಂದು ಆಣೆ. ಮಗಂಗೆ ಹೇಳ್ಬೇಡ ಅಂತ ಅಮ್ಮನ ಕಡೆ ಒಂದು ಆಣೆ. ನಾಳೆ ಅವ್ನ ಪ್ರಯಾಣ. ಅದಕ್ಕೇ ಕಣೇ ನಿಂಗೆ ಹೇಳಿದ್ದು. ಎಲ್ಲೋ ಒಂದು ಕಡೆ ಇಳಿಸ್ಬೇಕಲ್ಲ.

ಯಾರೋ ಬಂದಂಗಾಯ್ತು. ಆ ಬಾಗ್ಲು ಸಂದೀಲಿ ನೋಡು. ಅಯ್ಯೋ, ಹೊಸ ಶರ್ಟು ಹಾಕ್ಕೊಂಡು ಹೇಳಿ ಹೋಗೋಕೆ ಬರ್ತಾ ಅವ್ನೆ. ಹಿಂದೆ ದೊಡ್ಡಮ್ಮಾನೂ ಅವ್ರೆ. ಇಬ್ರೂ ಒಟ್ಟಿಗೇ ಬಂದ್ರು ಕಣೇ, ಈಗ ನಾನು ಯಾರ ಮುಖ ನೋಡ್ಲಿ? ಬನ್ನಿ ದೊಡ್ಡಮ್ಮ, ಬಾಪ್ಪಾ, ಒಳಗೆ ಬನ್ನಿ, ನಿಮ್ಮ ವಿಷ್ಯಾನೇ... ಅಲ್ಲ, ಅವರೆಕಾಯಿ ವಿಷ್ಯ ಮಾತಾಡ್ತಾ ಇದ್ವಿ.

ಏಯ್, ಆಷಾಢದಿಂದ ರಾಮನವಮಿಗೆ ಎಣಿಸಿದ್ದು ಸಾಕು, ಕೈ ಸೆರಗೊಳಗೆ ಇಟ್ಕೋ ಮೊದ್ಲು.